ಡ್ರೈವರನ ಬಲಗಡೆಯ ಜಾಗ

ಗೋಕಾಕ
೬ ಸಪ್ಟೆಂಬರ್ ೨೦೨೩

ಅಪ್ಪಾ, ಜೈ ಭೀಮ್.

ಫೋನಿನಲ್ಲಿ ನಾವಿಬ್ಬರೂ ಮಾತಾಡಿದರೆ ಜಗಳವಾಗುತ್ತದೆ. ಜಗಳವಾದರೆ ಅವ್ವ ಫೋನು ಕಸಿದುಕೊಂಡು "ಊಟಾ ಆತಿಲ್ಲೋ" ಎಂದು ಕೇಳಿ ಕಟ್ ಮಾಡುತ್ತಾಳೆ. ಮೊನ್ನೆಯೂ ಹಾಗೇ ಆಯಿತು. ಆದ್ದರಿಂದ ಇನ್ನು ಮೇಲೆ ಹೇಳಬೇಕಾದ್ದನ್ನು ಬರೆದೇ ಹೇಳುತ್ತೇನೆ. ಇಲ್ಲಿ ನಿನ್ನ ಹಾಗೆಯೇ ಜನರನ್ನು ತುಂಬಿಕೊಂಡು ಓಡುವ ಘಟಪ್ರಭಾ ಲೈನಿನ ಗಾಡಿಯವರ ಕೈಗೆ ಕೊಟ್ಟರೆ ಸಂಜೆಯೊಳಗೆ ಹುಕ್ಕೇರಿ ಸ್ಟ್ಯಾಂಡಿಗೆ ಬಂದು ನಿನ್ನ ಕೈ ಸೇರುತ್ತದೆ. ಊಟದ ಡಬ್ಬಿ, ಔಷಧ, ಮದುವೆ ಕಾರ್ಡು ಎಲ್ಲ ಹೋಗುವ ಹಾದಿಯಲ್ಲಿ ನನ್ನ ಸಿಟ್ಟೂ ಬರಲಿ.

ನಾನು ಏಜಂಟನನ್ನು ಹಿಡಿಯುವುದಿಲ್ಲ. ಇದು ಕೊನೆಯ ಮಾತು. ಕಾರಿನ ಲೈಸೆನ್ಸ್ ಸಿಕ್ಕು ವರ್ಷವಾಯಿತು, ಇನ್ನು ಬಾಡಿಗೆ ಗಾಡಿ ಓಡಿಸುವ ಲೈಸೆನ್ಸನ್ನೂ ನಾನೇ ಸಾಲಿನಲ್ಲಿ ನಿಂತು, ನಾನೇ ಪರೀಕ್ಷೆ ಕೊಟ್ಟು ತೆಗೆದುಕೊಳ್ಳುತ್ತೇನೆ. ಲೈಸೆನ್ಸ್ ಎಂದರೆ ಸರಕಾರ ನಮಗೆ ಕೊಡುವ ಕಾರ್ಡು ಎಂದು ನೀವೆಲ್ಲ ತಿಳಿದಿದ್ದೀರಿ. ಅಲ್ಲ. ರಸ್ತೆಯ ಮೇಲಿರುವ ಪ್ರತಿಯೊಬ್ಬರಿಗೂ ನಾವು ಕೊಡುವ ಮಾತು ಅದು. ಚಾಲಕರ ಸಂಘದವರ ಹಳದಿ ರಟ್ಟಿನ ಕಿರುಪುಸ್ತಕದಲ್ಲಿ ಇಷ್ಟು ಚೆನ್ನಾಗಿ ಬರೆದಿಲ್ಲ, ನಾನೇ ತಿದ್ದಿಕೊಂಡಿದ್ದೇನೆ.

ನಿನ್ನೆ ಆರೋಗ್ಯದ ಸರ್ಟಿಫಿಕೇಟಿಗೆ ಹೋಗಿದ್ದೆ. ಡಾಕ್ಟರು ನನ್ನ ಮುಖ ನೋಡುವ ಮೊದಲೇ ಸಹಿ ಹಾಕಲು ಪೆನ್ನು ತೆಗೆದರು.

"ಸರ್, ಇನ್ನೂ ನನ್ನ ನೋಡಿಲ್ಲರಿ" ಅಂದೆ.

"ನೋಡಿದ್ನೆಲ್ಲವಾ, ಗಟ್ಟಿಮುಟ್ಟ ಅದಿ."

"ಕಣ್ಣು ನೋಡ್ರಿ, ಕಿವಿ ನೋಡ್ರಿ. ಪರೀಕ್ಷಾ ಮಾಡೇನಿ ಅಂತ ಬರದು ಸಹಿ ಮಾಡಾಕತ್ತೀರಿ."

ಸಿಸ್ಟರ್ ನಕ್ಕಳು. ಡಾಕ್ಟರು ನಗಲಿಲ್ಲ, ಆದರೆ ಎದ್ದರು. ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ಓದಿಸಿದರು. ನಾನು ಹೊರಬಂದ ಮೇಲೆ ಸಾಲಿನಲ್ಲಿದ್ದ ಉಳಿದವರನ್ನೂ ಓದಿಸತೊಡಗಿದರಂತೆ. ಅವರೆಲ್ಲ ನನ್ನನ್ನು ಬೈದಿರಬೇಕು.

ನಿನ್ನ ಲೈಸೆನ್ಸ್ ಜನವರಿಯಲ್ಲಿ ಮುಗಿಯುತ್ತದೆ. ನೀನೂ ಹೀಗೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಏಜಂಟನ ಕೈಯಲ್ಲಿ ಫಾರ್ಮು ಕೊಟ್ಟು ಸಹಿ ತರಿಸುವುದು ಸಾಕು. ಒಪ್ಪಿಗೆ ಬರೆದು ಕಳಿಸು.

ನಿನ್ನ ಮಗಳು
ಯಶೋಧರಾ

ಹುಕ್ಕೇರಿ
೧೧ ಸಪ್ಟೆಂಬರ್

ಯಶೋಧರವ್ವಗ ಅಪ್ಪನ ಆಶೀರ್ವಾದ.

ನಾ ಏಳನೇತ್ತ ತನಕಾ ಸಾಲಿ ಕಲತಾಂವ. ಮಾತಾಡಿದಂಗ ಬರೀತೇನಿ, ಕೆಂಪು ಪೆನ್ನಿಲೆ ತಿದ್ದಿ ವಾಪಸ್ ಕಳಸಬ್ಯಾಡ.

ನಿನ್ನ ಪತ್ರ ಬಂದಾಗ ನನ್ನ ಕೈಯೆಲ್ಲಾ ಗ್ರೀಸ್ ಆಗಿತ್ತು. ಖಲೀಲ ಸ್ಟ್ಯಾಂಡಿನಾಗ ನಿಂತು ಓದಿ ಹೇಳಿದ. ಅಂವಾ ದಿನಾ ನಮ್ಮ ಗಾಡ್ಯಾಗ ಸಂಕೇಶ್ವರಕ್ಕ ತನ್ನ ಬ್ಯಾಗ್ ರಿಪೇರಿ ಅಂಗಡಿಗೆ ಹೋಗ್ತಾನಲ್ಲ, ಅವನ ದನಿ ಮೈಕ್ ಇದ್ದಂಗ. ಇಡೀ ಸ್ಟ್ಯಾಂಡು ಕೇಳಿತು. ಶ್ರೀಶೈಲ ಅಂದ, "ದುರ್ಗಪ್ಪಣ್ಣಾ, ನಿನ್ನ ಮಗಳು ಡ್ರೈವರ್ ಆಗಾಕ ಹೊಂಟಾಳೋ, ಆರ್‌ಟಿಓ ಸಾಹೇಬ ಆಗಾಕ ಹೊಂಟಾಳೋ?" ನಾ ಅಂದ್ನಿ, "ಮೊದಲ ನಿನ್ನ ಗಾಡಿ ಹಾರ್ನ್ ರಿಪೇರಿ ಮಾಡಸು, ಆಕಿ ಬರೂದರಾಗ."

ಒಳಗೊಳಗ ಖುಷಿ ಆತು, ಸುಳ್ಳು ಯಾಕ ಹೇಳಲಿ.

ಜನವರಿ ಇನ್ನೂ ದೂರ ಐತಿ. ನಡುವ ಕಬ್ಬಿನ ಸೀಜನ್ ಬರತೈತಿ. ನಿಮ್ಮವ್ವ ಹಪ್ಪಳ ಕೊಟ್ಟಾಳ, ಅಲ್ಲಿ ನಿನ್ನ ಮನಿಯಾಗ ಇಟಗೊಂಡ ಕಾಶೆವ್ವಕ್ಕಗ ಅರ್ಧಾ ಕೊಡು. ನೀನ ಎಲ್ಲಾ ತಿನ್ನಬ್ಯಾಡ.

ನಿಮ್ಮಪ್ಪ
ದುರ್ಗಪ್ಪ

ಗೋಕಾಕ
೨೭ ಸಪ್ಟೆಂಬರ್

ಅಪ್ಪಾ, ಜೈ ಭೀಮ್.

ಫೇಲಾದೆ. ಯಾಕೆಂದು ಹೇಳಿದರೆ ನೀನು ನಗುತ್ತೀ. ನಗು, ಆದರೆ ಪೂರ್ತಿ ಓದಿ ನಗು.

ಪರೀಕ್ಷೆಗೆ ಡ್ರೈವಿಂಗ್ ಸ್ಕೂಲಿನ ಕ್ರೂಸರ್ ಕೊಟ್ಟಿದ್ದರು, ನಮ್ಮ ಗಾಡಿಯಂಥದೇ. ಮುಂದಕ್ಕೆ ಚೆನ್ನಾಗಿ ಓಡಿಸಿದೆ. ರಿವರ್ಸ್ ತೆಗೆದುಕೊಳ್ಳುವಾಗ ಬಲಗಡೆಯ ಕಂಬ ಕನ್ನಡಿಯಲ್ಲಿ ಕಾಣಲೇ ಇಲ್ಲ. ಬಂಪರು ಟಕ್ ಎಂದಿತು. ಪಕ್ಕದಲ್ಲಿದ್ದ ಇನ್‌ಸ್ಪೆಕ್ಟರ್ ಸಾಹೇಬರು ಬೈಯಲಿಲ್ಲ. ನನ್ನನ್ನೂ ಬಾಗಿಲನ್ನೂ ನೋಡಿ ಕೇಳಿದರು:

"ತಂಗಿ, ಯಾರನ್ನ ಕುಂಡ್ರಸಾಕ ಜಾಗಾ ಬಿಟ್ಟೀದಿ?"

ನೋಡಿಕೊಂಡೆ. ಸೀಟಿನ ಎಡ ಅಂಚಿಗೆ ಸರಿದು, ಅರ್ಧ ಮೈಯನ್ನು ಗೇರಿನ ಕಡೆ ವಾಲಿಸಿ ಕುಳಿತಿದ್ದೆ. ನನಗೂ ಬಾಗಿಲಿಗೂ ನಡುವೆ ಒಬ್ಬ ಮನುಷ್ಯ ತೂರಿಕೊಳ್ಳುವಷ್ಟು ಜಾಗ. ಥೇಟ್ ನಿನ್ನ ಹಾಗೆ!

"ನಿಮ್ಮಪ್ಪ ಲೈನಿನ ಗಾಡಿ ಹೊಡೀತಾನೇನು?"

"ಹೌದ್ರಿ."

"ಗೊತ್ತಾತು. ಸೀಟಿನ ನಡಬರಕ ಕುಂಡ್ರೂದು ಕಲತ ಬಾ. ಉಳದಿದ್ದು ಚಲೋ ಐತಿ."

ಕಾರಿನ ಪರೀಕ್ಷೆಯಲ್ಲಿ ಇದು ಗೊತ್ತಾಗಿರಲಿಲ್ಲ, ಆ ಸಣ್ಣ ಕಾರಿನಲ್ಲಿ ಬಾಗಿಲು ಮೈಗೇ ಅಂಟಿರುತ್ತದೆ. ಆದರೆ ಕ್ರೂಸರ್ ಎಂದರೆ ನನ್ನ ಮೈಗೆ ನೆನಪಿರುವುದು ಒಂದೇ. ಹಿಂದೆ ಜನ, ಎಡಕ್ಕೆ ಜನ, ಡ್ರೈವರನ ಬಲಕ್ಕೂ ಒಬ್ಬ. ನಮ್ಮ ಲೈನಿನಲ್ಲಿ ಯಾರೂ ಅದನ್ನು ತಪ್ಪೆಂದು ತಿಳಿದಿಲ್ಲ. ಶಾಲೆಗೆ ಹೋಗುವಾಗ ಆ ಜಾಗ ನನ್ನದಾಗಿತ್ತು, ನೆನಪಿದೆಯೇ? ಬಾಗಿಲ ಹೊರಗೆ ತಲೆ ಹಾಕಿ ನಾನು ಕೂಗಬೇಕು: "ಅಪ್ಪಾ, ಟ್ರ್ಯಾಕ್ಟರ್! ಅಪ್ಪಾ, ಹಿಂದ ಬಸ್ಸು!" ಸರಿಯಾಗಿ ಹೇಳಿದರೆ ಸಂಕೇಶ್ವರದಲ್ಲಿ ಇಳಿಯುವಾಗ ಪೆಪ್ಪರಮಿಂಟ್. ಎಂಥ ಆಟ ಅದು! ಎಂಥ ಅಪಾಯದ ಆಟ!

ಈ ಗೋಕಾಕದಲ್ಲಿ ಮಿತಿಮೀರಿ ಜನ ತುಂಬುವುದರ ವಿರುದ್ಧ ಕರಪತ್ರ ಹಂಚಿದವಳು ನಾನು. ಅದೇ ನಾನು ಖಾಲಿ ಗಾಡಿಯಲ್ಲಿ ಇಲ್ಲದ ಮನುಷ್ಯನಿಗೆ ಜಾಗ ಬಿಟ್ಟು ಫೇಲಾದೆ. ಅಪ್ಪಾ, ಇವತ್ತಿನಿಂದ ನಿನ್ನ ಬಲಗಡೆ ಯಾರನ್ನೂ ಕೂಡಿಸಬೇಡ. ನೀನು ನಡುವೆ ಕೂಡುವವರೆಗೆ ನನಗೂ ನಡುವೆ ಕೂಡಲು ಬರುವುದಿಲ್ಲ. ಇದು ಬೇಡಿಕೆಯಲ್ಲ, ಷರತ್ತು.

ಯಶೋಧರಾ

ಹುಕ್ಕೇರಿ
೩ ಅಕ್ಟೋಬರ್

ಯಶೋಧರವ್ವಗ,

ನಕ್ಕಿದ್ನಿ. ನಿಮ್ಮವ್ವ ಅಂತೂ ಹೊಟ್ಟಿ ಹಿಡಕೊಂಡು ನಕ್ಕಳು, ಆಮ್ಯಾಲ "ನನ್ನ ಕೂಸನ್ನ ಫೇಲ್ ಮಾಡಿದೆಲ್ಲೋ" ಅಂತ ನನ್ನ ಮ್ಯಾಲ ಸಿಟ್ಟಾದಳು.

ಷರತ್ತು ಒಪ್ಪಲಿಕ್ಕೆ ವ್ಯಾಳ್ಯಾ ಹಿಡೀತು. ಯಾಕ ಅಂತ ಕೇಳಬ್ಯಾಡ. ಕಡೀಗೆ ಒಪ್ಪಿದ್ನಿ. ದಿನಾ ನನ್ನ ಬಲಕ ಕುಂಡ್ರೂ ಖಲೀಲಗ ಹೇಳಿದ್ನಿ, "ನಾಳಿಯಿಂದ ಹಿಂದ ಕುಂಡ್ರೋ." ಅಂವಾ ನನ್ನ ಮಾರಿ ನೋಡಿದ. "ಖರೇನ ಹೇಳಾಕತ್ತೀಯೇನು?" ಅಂದ. "ಮಗಳು ಪಾಸ್ ಆಗಬೇಕಲ್ಲಪಾ" ಅಂದ್ನಿ. ಹಿಂದ ಹೋಗಿ ಕುಂತ. ಆದ್ರ ಸಂಕೇಶ್ವರದ ತನಕಾ ನನ್ನ ಹೆಗಲ ಮ್ಯಾಲ ಬಗ್ಗಿ ರಸ್ತೆ ನೋಡಕೋತನ ಬಂದ.

ಬಲಕ ಗಾಳಿ ಬಾಳ ಬರತೈತಿ. ರೂಢಿ ಆಗಬೇಕು. ಸಾವಕಾಶ ಹೊಡೀತೇನಿ.

ನೀ ಪಾಸ್ ಆಗು.

ನಿಮ್ಮಪ್ಪ

ಗೋಕಾಕ
೨೦ ಅಕ್ಟೋಬರ್

ಅಪ್ಪಾ, ಜೈ ಭೀಮ್, ಜೈ ಭೀಮ್, ಜೈ ಭೀಮ್!

ಪಾಸಾದೆ. ಅದೇ ಸಾಹೇಬರು, ಅದೇ ಕ್ರೂಸರ್, ಅದೇ ಕಂಬ. ಹತ್ತುವ ಮೊದಲು ಸೀಟಿನ ನಡುವೆ ಕೈಯಿಟ್ಟು ನೋಡಿ ಕುಳಿತೆ. ಬಲಗನ್ನಡಿಯಲ್ಲಿ ಕಂಬ ತಾನೇ ಬಂದು ನಿಂತಿತು, ಇಷ್ಟು ದಿನ ಎಲ್ಲಿ ಹೋಗಿತ್ತೋ. ಇಳಿದ ಮೇಲೆ ಸಾಹೇಬರು ಅಂದರು: "ನಿಮ್ಮಪ್ಪಗ ಹೇಳು, ಮಗಳು ಈಗ ಪೂರ್ತಿ ಸೀಟಿನ ಡ್ರೈವರ್ ಆಗ್ಯಾಳ."

ಕಚೇರಿಯ ಹೊರಗೆ ಕೂಡುವ ಏಜಂಟನೊಬ್ಬ "ನಮ್ಮ ಕಡೆ ಬಂದಿದ್ರ ಎರಡ ಸಲ ತಿರಗೂದು ತಪ್ಪತಿತ್ತಲ್ಲವಾ" ಎಂದ. "ಎರಡ ಸಲ ತಿರಗಿದ್ದಕ್ಕ ಕಲತ್ನಿ, ಅಣ್ಣಾ" ಎಂದೆ. ಅಲ್ಲಿದ್ದವರಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಪರವಾಗಿಲ್ಲ, ಕಾಶೆವ್ವತ್ತೆ ಇಡೀ ಓಣಿಗೆ ಸಕ್ಕರೆ ಹಂಚಿದಳು.

ನಿನ್ನ ಬಲಗಡೆ ಖಾಲಿ ಇದ್ದುದಕ್ಕೇ ನನಗೆ ಕಂಬ ಕಂಡಿತೆಂದು ನಾನು ನಂಬಿದ್ದೇನೆ. ವೈಜ್ಞಾನಿಕವಲ್ಲ, ಗೊತ್ತು.

ನಿನ್ನ ಪೂರ್ತಿ ಸೀಟಿನ
ಯಶೋಧರಾ

ಹುಕ್ಕೇರಿ
೧೪ ನವೆಂಬರ್

ಯಶೋಧರವ್ವಗ,

ಉತ್ತರ ಬರಿಯಾಕ ತಡಾ ಆತು. ಪಾಸ್ ಆಗಿದ್ದು ಎಲ್ಲಾರಿಗೂ ಹೇಳೇನಿ, ಹೇಳಿದವರಿಗೇ ಮತ್ತ ಹೇಳೇನಿ.

ಕಬ್ಬಿನ ಸೀಜನ್ ಚಾಲೂ ಆಗೇತಿ. ಮೊನ್ನೆ ಒಂದು ಟ್ರ್ಯಾಕ್ಟರಿನ ಕಬ್ಬು ತಾಗಿ ನಮ್ಮ ಗಾಡಿ ಬಲಗನ್ನಡಿ ಹೋಗೇತಿ. ಸಣ್ಣ ಕೆಲಸ. ಯಾರಿಗೂ ಏನೂ ಆಗಿಲ್ಲ. ಊರಿಗೆ ಬರೂದು ಬ್ಯಾಡ.

ನಿಮ್ಮಪ್ಪ

ಗೋಕಾಕ
೨೨ ನವೆಂಬರ್

ಅಪ್ಪಾ,

ಬರುವುದು ಬೇಡ ಎಂದು ನೀನು ಬರೆದ ಕೂಡಲೇ ಬರಬೇಕೆಂದು ತಿಳಿಯಿತು. ಭಾನುವಾರ ಬಂದೆ. ನೀನು ಮಲಗಿದ್ದೆ. ಅವ್ವ ಎಬ್ಬಿಸುತ್ತೇನೆಂದಳು, ನಾನು ಬೇಡವೆಂದೆ. ಅಂಗಳದಲ್ಲಿ ಗಾಡಿ ನೋಡಿದೆ. ಕನ್ನಡಿ ಹೋಗಿರುವುದಷ್ಟೇ ಅಲ್ಲ, ಮುಂದಿನ ಬಾಗಿಲಿನ ಉದ್ದಕ್ಕೂ ಬಣ್ಣ ಕಿತ್ತಿದೆ. ಹಿಂದಿರುಗುವಾಗ ಸ್ಟ್ಯಾಂಡಿನಲ್ಲಿ ಖಲೀಲ ಕಾಕಾ ಸಿಕ್ಕರು. ಅವರು ಹೇಳಿದ್ದನ್ನು ನಿನ್ನಿಂದ ಮುಚ್ಚಿಡುವುದಿಲ್ಲ, ಅವರ ಮೇಲೆ ಸಿಟ್ಟಾಗಬೇಡ. ಅವರು ಹೇಳಲೆಂದು ಬಂದವರಲ್ಲ, ನಾನು ಬಿಡಲಿಲ್ಲ.

"ಕಾಕಾ, ಅಷ್ಟ ದೊಡ್ಡ ಟ್ರ್ಯಾಕ್ಟರ್ ಅಪ್ಪಗ ಹೆಂಗ ಕಾಣಲಿಲ್ಲ?"

"ಕಾಣೂದಿಲ್ಲವಾ. ಬಲಗಣ್ಣಾಗ ಮೋತಿಬಿಂದು, ಪೊರಿ ಅಂತಾರಲ್ಲ, ಅದು ಬಂದು ನಾಕು ವರ್ಷ ಆತು. ಬೆಳ್ಳಗ ಮಂಜ ಕಂಡಂಗ ಕಾಣತೈತಂತ."

"ಮತ್ತ ಇಷ್ಟ ದಿನಾ ಹೆಂಗ ಹೊಡದಾ?"

"ನಾ ಇದ್ನೆಲ್ಲ, ಬಲಕ! ನಾ ಹೇಳ್ತಿದ್ನಿ, ಅಂವಾ ಹೊಡೀತಿದ್ದ. ನಾ ಬರದ ದಿನಾ ಬ್ಯಾರೇ ಯಾರನ್ನರೆ ಕುಂಡ್ರಸಕೊಂಡು ಮಾತಿಗೆ ಹಚ್ಚತಿದ್ದ. ನೀ ಷರತ್ತು ಹಾಕಿದಿ ನೋಡು, ನನ್ನ ಹಿಂದ ಕಳಿಸಿದ. ನಾ ಹೇಳಿದ್ನಿ, 'ಆಕಿಗೆ ಕಣ್ಣಿನ ವಿಷಯ ಬರದು ತಿಳಸು' ಅಂತ. 'ಪರೀಕ್ಷಾ ಮುಗೀಲಿ, ಈಗ ಬ್ಯಾಡ' ಅಂದ."

ಬಸ್ಸಿನಲ್ಲಿ ಕೂಡುವ ಮನಸ್ಸಾಗದೆ ಸ್ಟ್ಯಾಂಡಿನಲ್ಲೇ ಬಹಳ ಹೊತ್ತು ನಿಂತಿದ್ದೆ. ನಾಲ್ಕು ವರ್ಷದ ಹಿಂದೆ ನಾನು ಪಿಯುಸಿ. ಕಾಕಾ ಬಾರದ ದಿನ ನಿನ್ನ ಬಲಗಡೆ ಕುಳಿತು ಕಿರುಪುಸ್ತಕ ಓದುತ್ತಿದ್ದೆ. ನೀನು "ಯಾರ ಬಂದ್ರು ನೋಡವ್ವಾ" ಎಂದು ಮೇಲಿಂದ ಮೇಲೆ ಕೇಳುತ್ತಿದ್ದೆ. ನಾನಿನ್ನು ಸಣ್ಣವಳಲ್ಲ ಎಂದು ಸಿಡುಕುತ್ತಿದ್ದೆ. ಆಟ ಯಾವ ದಿನ ಮುಗಿದಿತ್ತೋ ನನಗೆ ತಿಳಿಯಲೇ ಇಲ್ಲ.

ಜನವರಿಯಲ್ಲಿ ನಿನ್ನ ಲೈಸೆನ್ಸ್ ಮುಗಿಯುತ್ತದೆ. ನಿಜವಾಗಿ ಕಣ್ಣು ನೋಡುವ ಡಾಕ್ಟರ ಬಳಿ ಹೋದರೆ ಸರ್ಟಿಫಿಕೇಟ್ ಕೊಡುವುದಿಲ್ಲ. ಏಜಂಟನ ಬಳಿ ಹೋದರೆ ಸಂಜೆಗೇ ಸಹಿ ಸಿಗುತ್ತದೆ. ನನಗೆ ಇದೆಲ್ಲ ಗೊತ್ತಿದೆ, ನಿನಗೂ ಗೊತ್ತಿದೆ. ನೀನು ಏಜಂಟನ ಬಳಿ ಹೋದರೆ ನಾನು ಯಾರಿಗೂ ಹೇಳುವುದಿಲ್ಲ, ಅಪ್ಪಾ. ಅಷ್ಟು ಗಟ್ಟಿಗಿತ್ತಿ ನಾನಲ್ಲವೆಂದು ಈ ವಾರ ತಿಳಿಯಿತು. ಆದರೆ ನಿನ್ನ ಗಾಡಿಯಲ್ಲಿ ಎಂದೂ ಕೂಡುವುದಿಲ್ಲ.

ನನ್ನ ಲೈಸೆನ್ಸ್ ಇದೆ. ಗಾಡಿ ನಾನು ಓಡಿಸುತ್ತೇನೆ. ನೀನು ಕಣ್ಣು ಮಾಡಿಸಿಕೋ.

ಯಶೋಧರಾ

ಹುಕ್ಕೇರಿ
೧ ಡಿಸೆಂಬರ್

ಯಶೋಧರವ್ವಗ,

ನೀ ಬಂದಾಗ ನಾ ಮಲಗಿರಲಿಲ್ಲ. ನಿನ್ನ ಮಾರಿ ನೋಡಾಕ ಧೈರ್ಯ ಆಗಲಿಲ್ಲ, ಕಣ್ಣು ಮುಚ್ಚಕೊಂಡಿದ್ನಿ.

ಆಪರೇಶನ್ ಮಾಡಸೂದು ದೊಡ್ಡ ಮಾತಲ್ಲ. ಆದ್ರ ಕಾಗದದಾಗ ಒಮ್ಮಿ "ಕಣ್ಣು ಕಾಣೂದಿಲ್ಲ" ಅಂತ ಬಿತ್ತಂದ್ರ ತಿರಗಿ ಲೈಸೆನ್ಸ್ ಕೊಡ್ತಾರೋ ಇಲ್ಲೋ. ಮುಂಜಾನೆ ಎದ್ದು ಸ್ಟ್ಯಾಂಡಿಗೆ ಹೋಗದಿದ್ರ ನಾ ಯಾರು? ಮನಿಯಾಗ ಕುಂತು ನಿಮ್ಮವ್ವನ ಜೋಡಿ ಸೊಪ್ಪು ಸೋಸಲೇನು? ಊರ ಮಂದಿ ನನಗ ಡ್ರೈವರ್ ದುರ್ಗಪ್ಪ ಅಂತಾರ. ಡ್ರೈವರ್ ತಗದ್ರ ಬರೇ ದುರ್ಗಪ್ಪ ಉಳೀತಾನ, ಅವನ ಪರಿಚಯ ನನಗ ಅಷ್ಟ ಇಲ್ಲ.

ನಿನ್ನ ಹಳದಿ ಪುಸ್ತಕದಾಗ ಇದಕ್ಕ ಉತ್ತರ ಐತೇನು? ಇದ್ರ ಬರದು ಕಳಸು. ಇಲ್ಲಂದ್ರ ಸುಮ್ಮನಿರು.

ನಿಮ್ಮಪ್ಪ

ಗೋಕಾಕ
೨೫ ಡಿಸೆಂಬರ್

ಅಪ್ಪಾ,

ಪುಸ್ತಕದಲ್ಲಿ ಉತ್ತರವಿಲ್ಲ. ಎರಡು ಸಲ ಓದಿದೆ.

ಜೊತೆಗೆ ಪೆಪ್ಪರಮಿಂಟಿನ ಪೊಟ್ಟಣ ಇಟ್ಟಿದ್ದೇನೆ. ಬಲಗಡೆ ಯಾರು ಬಂದರೆಂದು ನಾಲ್ಕು ವರ್ಷ ಹೇಳಿದ ಖಲೀಲ ಕಾಕಾಗೆ ಕೊಡು. ನಿನಗೂ ಒಂದು ತೆಗೆದುಕೋ.

ಯಶೋಧರಾ

ಹುಕ್ಕೇರಿ
೯ ಜನವರಿ ೨೦೨೪

ಯಶೋಧರವ್ವಗ,

ಪೊಟ್ಟಣ ಖಲೀಲಗ ಕೊಟ್ನಿ. "ಸಕ್ಕರಿ ರೋಗ ಐತಿ, ನಿನ್ನ ಮಗಳು ನನ್ನ ಕೊಲ್ಲಾಕ ನಿಂತಾಳೇನು" ಅಂತ ಬೈಕೋತ ಎರಡು ತಿಂದ.

ಏಜಂಟ ಮನಿಗೇ ಬಂದಿದ್ದ. ಫಾರ್ಮು ಅವನ ಕೈಯಾಗ ಕೊಟ್ಟೂ ಬಿಟ್ಟಿದ್ನಿ. ಅಂವಾ ಹೊಂಟಾಗ ಅಂಗಳದಾಗ ನಿಂತಿದ್ದ ಗಾಡಿ ಬಾಗಲಾ ನೋಡಿದ್ನಿ. ಬಣ್ಣಾ ಕಿತ್ತ ಜಾಗಾ ಎಲ್ಲಿ ಐತಿ ಹೇಳು? ಖಲೀಲ ದಿನಾ ಮಳಕೈ ಹೊರಗ ಇಟ್ಟು ಕುಂಡ್ರತಿದ್ದನಲ್ಲ, ಬರೋಬರಿ ಅಲ್ಲೇ. ನಾ ಅವಗ ಹೇಳ್ತಿದ್ನಿ, "ನೀ ನನ್ನ ಕಣ್ಣು" ಅಂತ. ಆವತ್ತು ಅಂವಾ ಅಲ್ಲೇ ಇದ್ದು, ಹೇಳೂದು ಒಂದ ಗಳಿಗಿ ತಡಾ ಆಗಿದ್ರ, ಅವನ ಕೈಯಿಲೆ ಇನ್ನ ಸೂಜಿ ಹಿಡಿಯೂದು ಎಲ್ಲಿ ಬಂತು? ಏಜಂಟನ್ನ ಕರದು ಫಾರ್ಮು ವಾಪಸ್ ಇಸಕೊಂಡ್ನಿ.

ಮರುದಿನಾ ಘಟಪ್ರಭಾದ ದವಾಖಾನಿಗೆ ಹೋದ್ನಿ. ನಿನ್ನ ಷರತ್ತಿಗೆ ಅಲ್ಲ, ನಿನ್ನ ಪುಸ್ತಕಕ್ಕೂ ಅಲ್ಲ. ಖಲೀಲನ ಮಳಕೈ ಸಲುವಾಗಿ. ಡಾಕ್ಟರಬಾಯಿ ಬಾಳ ಬೈದಳು, ಥೇಟ್ ನಿನ್ನಂಗ. ಆಪರೇಶನ್ ಆದ ಮ್ಯಾಲ ಕಣ್ಣು ಕಂಡ್ರ ಸರ್ಟಿಫಿಕೇಟ್ ಸಿಗತೈತಿ ಅಂದಳು. "ಕಾಣದಿದ್ರ?" ಅಂದ್ನಿ. "ಕಾಣದಿದ್ರ ಕೊಡೂದಿಲ್ಲ" ಅಂದಳು. ಮಾತು ಸಾಫ್.

ಸ್ಟ್ಯಾಂಡಿನಾಗ ಪಂಚಾಯ್ತಿ ಆತು. ಗಾಡಿ ಹಚ್ಚೂ ಪಾಳಿ ಮನಶ್ಯಾಗ ಐತಿ, ಗಾಡಿಗೆ ಇಲ್ಲ, ದುರ್ಗಪ್ಪನ ಪಾಳಿ ಮಗಳಿಗೆ ಹೆಂಗ ಕೊಡೂದು ಅಂತ ಶ್ರೀಶೈಲ ಅಂದ. "ಆಕಿ ಬಲಕ ಒಬ್ಬರನ್ನೂ ಕುಂಡ್ರಸೂದಿಲ್ಲ, ನಮ್ಮ ಲೈನು ಕೆಡಸ್ತಾಳ" ಅಂತ ಇನ್ನೊಬ್ಬ. ಖಲೀಲ ಎದ್ದು ನಿಂತ. "ದಿನಾ ಹೋಗಾವರು ನಾವು. ನಾವು ಆಕಿ ಗಾಡಿ ಬರೂ ತನಕಾ ನಿಂದರ್ತೇವಿ. ನೀವು ನಿಮ್ಮ ಪಾಳಿ ಇಟ್ಕೊಂಡು ಖಾಲಿ ಗಾಡಿ ಓಡಸ್ರಿ" ಅಂದ. ಶ್ರೀಶೈಲ ತಲಿ ಕೆರಕೊಂಡು, "ಬರಲೇಳು, ಆದ್ರ ನಮಗ ಭಾಷಣಾ ಮಾಡಬಾರ್ದು" ಅಂದ.

ನಾ ಒಪ್ಪೇನಿ. ನಿನ್ನ ಕಡಿಂದ ಆಗತೈತೋ ಇಲ್ಲೋ ನೀ ನೋಡು. ಕೀಲಿಕೈ ದೇವರ ಜಗಲಿ ಬಾಜೂ, ಬುದ್ಧನ ಫೋಟೋದ ಮೊಳಿಗೆ ಹಾಕೇನಿ.

ನಿಮ್ಮಪ್ಪ
ದುರ್ಗಪ್ಪ

ಹುಕ್ಕೇರಿ
೪ ಫೆಬ್ರವರಿ

ಅಪ್ಪಾ, ಜೈ ಭೀಮ್.

ಈಗ ಕಾಗದ ಎದುರು ದಿಕ್ಕಿಗೆ ಹೊರಟಿದೆ. ನಾನು ಹುಕ್ಕೇರಿಯಲ್ಲಿ, ನೀನು ಗೋಕಾಕದಲ್ಲಿ. ಆಪರೇಶನ್ ಆದವನು ಮನೆಯಲ್ಲಿದ್ದರೆ ಸ್ಟ್ಯಾಂಡಿನ ಧೂಳಿಗೆ ಓಡುತ್ತಾನೆಂದು ಅವ್ವ ನಿನ್ನನ್ನು ಕಾಶೆವ್ವತ್ತೆಯ ಮನೆಗೆ ಕಳಿಸಿದ್ದು ಸರಿಯಾಯಿತು. ಅತ್ತೆ, ಇದನ್ನು ಓದಿ ಹೇಳು. ಅವನ ಕೈಗೆ ಕಾಗದ ಕೊಡಬೇಡ.

ಮೊದಲ ದಿನ ನನ್ನ ಪಾಳಿ ಬಂದಾಗ ಜನ ಗಾಡಿ ನೋಡಿದರು, ನನ್ನನ್ನು ನೋಡಿದರು, ಆಕಾಶ ನೋಡಿದರು. ಒಬ್ಬಳು ಮುದುಕಿ ಕೇಳಿದಳು: "ಡ್ರೈವರ್ ಎಲ್ಲಿ ಹೋಗ್ಯಾನವಾ?"

"ನಾನೇ ಡ್ರೈವರ್, ಆಯಿ."

"ಹೌದೇನು? ಹಂಗಾರ ಮುಂದ ಕುಂಡ್ರತೇನಿ, ಮಾತಾಡಕೋತ ಹೋಗೂಣು."

ಅವಳ ಹಿಂದೆ ಉಳಿದವರು ಹತ್ತಿದರು. ಖಲೀಲ ಕಾಕಾ ಮಾತ್ರ ರೂಢಿಯಂತೆ ಬಲಬಾಗಿಲು ತೆಗೆದು ನಿಂತುಬಿಟ್ಟರು. ನಾನು ಸೀಟಿನ ನಡುವೆ ಕುಳಿತಿದ್ದೆ. ಒಂದು ಕ್ಷಣ ಸರಿಯಬೇಕೆನ್ನಿಸಿತು, ನಿನ್ನಾಣೆ. ಅವರೇ ನಕ್ಕು, ಬಾಗಿಲು ಮುಚ್ಚಿ, ಸರಿಯಾಗಿ ಮುಚ್ಚಿತೋ ಇಲ್ಲವೋ ಎಂದು ಎಳೆದು ನೋಡಿ ಹಿಂದೆ ಹೋದರು. ನಾನು ಯಾರಿಗೂ ಭಾಷಣ ಮಾಡಲಿಲ್ಲ. ನಾಲಿಗೆ ತುರಿಸಿತು, ಕಚ್ಚಿಕೊಂಡೆ.

ಹೊಸ ಕನ್ನಡಿ ಸೊಗಸಾಗಿದೆ. ಆದರೂ ಕಬ್ಬಿನ ಟ್ರ್ಯಾಕ್ಟರ್ ಎದುರಾದಾಗ ನನ್ನ ಬಾಯಿ ತಾನೇ "ಅಪ್ಪಾ, ಟ್ರ್ಯಾಕ್ಟರ್" ಎನ್ನುತ್ತದೆ. ಮುದುಕಿ ಯಾರ ಜೊತೆ ಮಾತಾಡುತ್ತೀ ಎಂದು ಕೇಳಿದಳು.

ನಿನ್ನ ಮುಂದಿನ ಕಣ್ಣಿನ ಪರೀಕ್ಷೆಗೆ ನಾನು ಬರುವುದಿಲ್ಲ, ಯಾರ ವಶೀಲಿಯನ್ನೂ ಹಚ್ಚುವುದಿಲ್ಲ. ಗೋಡೆಯ ಅಕ್ಷರ ನೀನೇ ಓದಬೇಕು. ಓದಿದರೆ ನಿನ್ನ ಗಾಡಿ ನಿನಗೆ, ನಾನು ಬೇರೆ ಗಾಡಿ ನೋಡಿಕೊಳ್ಳುತ್ತೇನೆ. ಓದಲಾಗದಿದ್ದರೆ ಮುಂದಿನ ಎಡಗಡೆ ಸೀಟು ನಿನ್ನದು, ಮುದುಕಿಗೆ ಹೇಳಿಟ್ಟಿದ್ದೇನೆ.

ಶನಿವಾರ ಮೂಡಲಗಿಗೆ ಒಂದು ಬಾಡಿಗೆ ಒಪ್ಪಿದ್ದೇನೆ. ಮದುವೆಯ ಮಂದಿ, ಹೊತ್ತಿಗೆ ಮುಟ್ಟಿಸಬೇಕು. ಗೋಕಾಕದ ಮೇಲೆಯೇ ಹೋಗುತ್ತೇನೆ, ಆದರೆ ನಿಲ್ಲಿಸಲಾಗುವುದಿಲ್ಲ. ಬೇಜಾರಾಗಬೇಡ.

ಯಶೋಧರಾ

ಗೋಕಾಕ
೧೧ ಫೆಬ್ರವರಿ

ಯಶೋಧರವ್ವಗ ಅಪ್ಪನ ಆಶೀರ್ವಾದ.

ಇದು ನಾನೇ ಬರಿಯಾಕತ್ತೇನಿ, ಕಾಶೆವ್ವಕ್ಕ ಹಾಲಿಗೆ ಹೋಗ್ಯಾಳ, ಆಕಿ ಬರೂದರಾಗ ಮುಗಸಬೇಕು.

ನಿನ್ನೆ ಶನಿವಾರ ಮುಂಜಾನೆ ಕಣ್ಣಿಗೆ ಕರೀ ಚಾಳೀಸ ಹಾಕ್ಕೊಂಡು ಮೂಡಲಗಿ ರಸ್ತೆದ ಬಾಜೂ ಚಾದ ಅಂಗಡಿ ಕಟ್ಟಿ ಮ್ಯಾಲ ಕುಂತಿದ್ನಿ. ಎಡಗಣ್ಣು ಕೈಲೆ ಮುಚ್ಚಕೊಂಡ್ನಿ. ಬಲಗಣ್ಣೊಂದರಲೇ ನೋಡಿದ್ನಿ.

ಮೊದಲ ಕಬ್ಬಿನ ಟ್ರ್ಯಾಕ್ಟರ್ ಬಂತು, ಎರಡು ಟ್ರಾಲಿ. ಅದರ ಹಿಂದ ಬಿಳೀ ಕಾರು. ಅದರ ಹಿಂದ ಒಂದು ಕ್ರೂಸರ್. ಬಲಕ ಹೊಸಾ ಕನ್ನಡಿ, ಬಾಗಲದಾಗ ಬಣ್ಣಾ ಕಿತ್ತ ಗೀಟು. ಹೊಡಿಯಾಕಿ ಸೀಟಿನ ನಡಬರಕ ಕುಂತಿದ್ಲು. ಆಕಿಗೂ ಬಾಗಲಕ್ಕೂ ನಡುವ ಯಾರೂ ಇರಲಿಲ್ಲ.

ನಾ ಕೈ ಮಾಡಿದ್ನಿ. ನೀ ನೋಡಲಿಲ್ಲ. ಚಲೋ ಮಾಡಿದಿ, ಮುಂದ ಟ್ರ್ಯಾಕ್ಟರ್ ಇತ್ತು.

ಮೂರೂ ಗಾಡಿ ಬರೋಬರಿ ಹೇಳೇನಿ. ಪೆಪ್ಪರಮಿಂಟ್ ಕಳಸಿಕೊಡು.

ನಿಮ್ಮಪ್ಪ
ಡ್ರೈವರ್ ದುರ್ಗಪ್ಪ